ಅಣ್ಣತಮ್ಮಂದಿರ ಬಾವಿಯಂಥ ಪೇಟೆಂಟ್

ಪ್ರಶ್ನೆ: ಮಕ್ತಲ್‌ನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ನಾರಾಯಣಪೇಟೆಯ ಕಂಪನಿಯೊಂದರ ಜೊತೆ ಸೇರಿ ಕೈಮಗ್ಗಕ್ಕೆ ಹೊಸ ಬಿಡಿಭಾಗ ಮಾಡಿದ್ದೇವೆ. ಪೇಟೆಂಟ್ ಇಬ್ಬರ ಹೆಸರಲ್ಲೂ ಸಿಗುತ್ತದೆಯೇ? ಗದ್ವಾಲ್ ಸೀರೆಯ ಪೇಟೆಂಟ್ ಎಲ್ಲ ನೇಕಾರರಿಗೂ ಸೇರಿದ್ದಂತೆ, ಹೌದೇ?

ಉತ್ತರ: ಸಿಗುತ್ತದೆ. ಆದರೆ ಮೊದಲು ಸೀರೆಯ ಮಾತು ಮುಗಿಸೋಣ. ಗದ್ವಾಲ್ ಸೀರೆಗಿರುವುದು ಪೇಟೆಂಟ್ ಅಲ್ಲ, ಜಿಐ, ಅಂದರೆ ಭೌಗೋಳಿಕ ಗುರುತು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡುವಲ್ಲಿ ಬೆರಳಾಡಿಸಿ ನೋಡಿ: ಹೊಲಿಗೆ ಇಲ್ಲ. ಒಂದೊಂದು ಹೊಕ್ಕಿನಲ್ಲೂ ಎಳೆಗೆ ಎಳೆ ಕೊಂಡಿ ಹಾಕಿರುತ್ತಾರೆ, ಅದೇ ಕುಪ್ಪಡಂ. ಹೀಗೆ ತಲೆಮಾರುಗಳಿಂದ ಬಂದ ವಿದ್ಯೆಗೆ ಪೇಟೆಂಟ್ ಕೊಡಲು ಕಾನೂನು ಒಪ್ಪುವುದಿಲ್ಲ. ಜಿಐ ಗುರುತು ನಿಮ್ಮ ನಾರಾಯಣಪೇಟೆ ಸೀರೆಗೂ ಇದೆ. ಅದನ್ನು ಯಾರೂ ಮಾರುವಂತಿಲ್ಲ, ಒತ್ತೆ ಇಡುವಂತೆಯೂ ಇಲ್ಲ. 10 ವರ್ಷಕ್ಕೊಮ್ಮೆ ನವೀಕರಿಸುತ್ತ ಎಷ್ಟು ಕಾಲವಾದರೂ ಉಳಿಸಿಕೊಳ್ಳಬಹುದು. ಪೇಟೆಂಟಿನ ಆಯುಸ್ಸು 20 ವರ್ಷ, ಅಷ್ಟೇ.

ಈಗ ನಿಮ್ಮದಕ್ಕೆ ಬರೋಣ. 1970ರ ಪೇಟೆಂಟ್ ಕಾಯ್ದೆಯ 50ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಇಬ್ಬರದೂ ಸಮಪಾಲು. ನೀವು ಎಂಬತ್ತು ಸಾವಿರ ಸುರಿದು ಅವರು ಇಪ್ಪತ್ತು ಸಾವಿರ ಹಾಕಿದ್ದರೂ ಅಷ್ಟೇ. ಅಣ್ಣತಮ್ಮಂದಿರ ಬಾವಿ ಅಂದುಕೊಳ್ಳಿ. ತಮ್ಮ ತಮ್ಮ ಹೊಲಕ್ಕೆ ಎಷ್ಟು ನೀರೆತ್ತಿದರೂ ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸಬೇಕಿಲ್ಲ. ಪಕ್ಕದ ಹೊಲದವನಿಗೆ ನೀರು ಬಿಡಬೇಕೆಂದರೆ ಮಾತ್ರ ಇಬ್ಬರೂ ಹೂಂ ಅನ್ನಬೇಕು. ಹಾಗೆಯೇ ಬಿಡಿಭಾಗವನ್ನು ನೀವೇ ಮಾಡಿ ಮಾರಿದರೆ ಬಂದ ದುಡ್ಡು ನಿಮ್ಮದೇ. ನಿಮ್ಮಿಂದ ಕೊಂಡ ನೇಕಾರ ಮತ್ತೆ ಅವರನ್ನು ಕೇಳಬೇಕಿಲ್ಲ. ಆದರೆ ರಾಯಚೂರಿನ ಯಾರೋ ಲೈಸೆನ್ಸ್ ಕೇಳಿದರೆ, ಅಥವಾ ನಿಮ್ಮ ಪಾಲನ್ನೇ ಮಾರಹೊರಟರೆ, ಅವರ ಸಹಿ ಬೇಕೇ ಬೇಕು.

ಇದು ಮೇಲ್ನೋಟಕ್ಕೆ ನ್ಯಾಯವಾಗಿ ಕಂಡರೂ ಸಣ್ಣವರಿಗೆ ಇಕ್ಕಟ್ಟಿನದು. ಬಂಡವಾಳ ಇದ್ದವರು ಸಾವಿರಗಟ್ಟಲೆ ತಯಾರಿಸಿ ಮಾರುತ್ತಾರೆ. ಎರಡು ಲೇತ್ ಇಟ್ಟುಕೊಂಡವನಿಗೆ ಅಷ್ಟು ತಯಾರಿಸಲೂ ಆಗದು, ಒಪ್ಪಿಗೆ ಸಿಗದೆ ಲೈಸೆನ್ಸ್ ಕೊಡಲೂ ಆಗದು. ಜಗ್ಗಾಟಕ್ಕೆ ಬಿದ್ದರೆ 51ನೇ ಕಲಮಿನಡಿ ಪೇಟೆಂಟ್ ಕಂಟ್ರೋಲರ್ ಮುಂದೆ ಹೋಗಬಹುದು. ನಿಮ್ಮ ಮಕ್ತಲ್ ಇರುವ ತೆಲಂಗಾಣಕ್ಕೆ ಚೆನ್ನೈನ ಪೇಟೆಂಟ್ ಕಚೇರಿ.

ಆದ್ದರಿಂದ ಅರ್ಜಿ ಹಾಕುವ ಮೊದಲೇ ಕರಾರು ಪತ್ರ ಮಾಡಿಕೊಳ್ಳಿ. ಯಾರ ಪಾಲೆಷ್ಟು, ಲೈಸೆನ್ಸ್ ಹಣ ಹೇಗೆ ಹಂಚಿಕೆ, ನಕಲು ಮಾಡಿದವನ ಮೇಲೆ ಕೇಸು ಹಾಕುವವರು ಯಾರು, ಎಲ್ಲ ಅದರಲ್ಲಿರಲಿ. ನವೀಕರಣ ಶುಲ್ಕ ಕಟ್ಟುವವರ ಹೆಸರನ್ನಂತೂ ಮರೆಯದೆ ಬರೆಸಿ. ಅವರು ಕಟ್ಟಿರಬೇಕೆಂದು ನೀವು, ನೀವು ಕಟ್ಟಿರಬೇಕೆಂದು ಅವರು ಸುಮ್ಮನೆ ಕೂತರೆ ಪೇಟೆಂಟ್ ಇಬ್ಬರ ಕೈಯಿಂದಲೂ ಹೋಗುತ್ತದೆ.