ಬಿದಿರಿನ ತೊಲೆ ಏರಿಸುವ ಮುನ್ನ

ಮಗಳೇ, ಕಾರ್ಖಾನೆಯಲ್ಲಿ ಒತ್ತಿ ಮಾಡಿದ ಬಿದಿರಿನ ತೊಲೆ, ಕಂಬಗಳಿಂದ ಶಾಲೆ ಕಟ್ಟಲು ಹೊರಟಿದ್ದೀಯ ಎಂದು ಕೇಳಿ ಸಂತೋಷವಾಯಿತು. ಆದರೆ ಬೆಂಕಿ ತಡೆಯುವ ಮಾಲು ಎಂದು ಮಾರುವವರು ಸರ್ಟಿಫಿಕೇಟ್ ತೋರಿಸಿದರೆ, ಅದು ಯಾವ ಪರೀಕ್ಷೆಯದು ಎಂದು ಮೊದಲು ಕೇಳು.

ಬೆಂಕಿ ಹತ್ತುವುದು ಬೇರೆ, ಮೈಮೇಲೆ ಹರಡುವುದು ಬೇರೆ, ಉರಿಯುತ್ತಲೇ ಭಾರ ಹೊತ್ತು ನಿಲ್ಲುವುದು ಬೇರೆ. ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ತಲೆಯ ಮೇಲೆ ಬಿದಿರಿನ ಪಟ್ಟಿಗಳಿವೆ. 2006ರಲ್ಲಿ ತೆರೆದ ಮ್ಯಾಡ್ರಿಡ್‌ನ ಬರಾಹಾಸ್ ಟರ್ಮಿನಲ್‌ನಲ್ಲೂ ಇವೆ. ಅವು ಕಟ್ಟಡದ ಭಾರ ಹೊರುವುದಿಲ್ಲ. ಜ್ವಾಲೆ ಅವುಗಳ ಮೇಲೆ ಓಡದಿದ್ದರೆ ಸಾಕು. ನಿನ್ನ ತೊಲೆಯ ಮೇಲಾದರೋ ಮಾಡು ಕೂತಿರುತ್ತದೆ, ಕೆಳಗೆ ಮಕ್ಕಳು.

ಹಾಗೇ ಬಳಸಿದ ಬಿದಿರುಗಳದ ಒಳಗೆ ಟೊಳ್ಳು. ಕಾವಿಗೆ ಗೆಣ್ಣುಗಳ ನಡುವಿನ ಗಾಳಿ ಹಿಗ್ಗಿ ಸಿಡಿಯುತ್ತದೆ. ಸೀಳಿ, ಅಂಟು ಹಾಕಿ, ಒತ್ತಿದ ತೊಲೆ ಹಾಗಲ್ಲ. ಮರದ ದಿಮ್ಮಿಯಂತೆ ಹೊರಗಿನಿಂದ ಒಳಕ್ಕೆ ಇದ್ದಿಲಾಗುತ್ತಾ ಹೋಗುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಟ್ಟುವ ಆ ಇದ್ದಿಲೇ ಕಾವನ್ನು ತಡೆದು ಒಳಗಿನ ತಿರುಳನ್ನು ಕಾಯುತ್ತದೆ. ಪೈನ್‌ನಂಥ ಮರವನ್ನು ಅಂಟಿಸಿ ಮಾಡಿದ ತೊಲೆಗೆ ಯೂರೋಪಿನ ಸಂಹಿತೆ ಹಿಡಿಯುವ ಲೆಕ್ಕ ನಿಮಿಷಕ್ಕೆ 0.65 ಮಿಲಿಮೀಟರ್. ಅರ್ಧ ಗಂಟೆ ಎರಡೂ ಬದಿಯಿಂದ ಉರಿದರೆ 100 ಮಿಲಿಮೀಟರ್ ಅಗಲದ ತೊಲೆಯಲ್ಲಿ 60ರಷ್ಟು ಉಳಿಯುತ್ತದೆ. 40ರದ್ದರಲ್ಲಿ ಹೆಚ್ಚುಕಡಿಮೆ ಏನೂ ಉಳಿಯದು. ದಪ್ಪಕ್ಕೆ ಎಷ್ಟು ಬೆಲೆಯಿದೆ ನೋಡು. ಆದರೆ ಇದು ಮರದ ಲೆಕ್ಕ. ಬಿದಿರಿಗೆ, ಅದರಲ್ಲೂ ನೀನು ಕೊಳ್ಳುವ ಮಾಲಿಗೇ ಮಾಡಿದ ಪರೀಕ್ಷೆಯ ಫಲಿತಾಂಶ ತರಿಸಿಕೋ.

ಇಷ್ಟು ಒತ್ತಿ ಹೇಳುವುದು ಅಂಟಿನ ಕಾರಣಕ್ಕೆ. ಕಾವಿಗೆ ಮೆತ್ತಗಾಗುವ ಅಂಟಾದರೆ ಇದ್ದಿಲಾದ ಪದರ ಕಳಚಿ ಬೀಳುತ್ತದೆ, ಒಳಗಿನ ಹೊಸ ಮೈ ಬೆಂಕಿಗೆ ಸಿಗುತ್ತದೆ. ಆಮೇಲೆ ನಿಮಿಷಕ್ಕಿಷ್ಟು ಎಂಬ ಲೆಕ್ಕವೇ ನಿಲ್ಲುವುದಿಲ್ಲ. ಫೀನಾಲ್ ಫಾರ್ಮಾಲ್ಡಿಹೈಡ್ ಅಂಟು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ ಬಿದಿರು ಚಾಪೆಯಿಂದ ರೂಪಿಸಿದ ಛಾವಣಿ ಶೀಟಿನಲ್ಲಿರುವುದೂ ಅದೇ. ತೊಲೆ ಮಾರುವವರ ಹತ್ತಿರ ಬಣ್ಣ, ಹೊಳಪು ಕೇಳುವವರೇ ಹೆಚ್ಚು. ನೀನು ಅಂಟಿನ ಹೆಸರು ಕೇಳು.

ಉಳಿದ 60 ಮಿಲಿಮೀಟರನ್ನೂ ಪೂರ್ತಿ ನಂಬಬೇಡ. ಇದ್ದಿಲಾಗುವ ಮೊದಲೇ, 200 ಡಿಗ್ರಿಯ ಒಳಗೇ, ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಮೆತ್ತಗಾಗಿ ಬಿದಿರು ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ಇದ್ದಿಲಿನ ಹಿಂದಿನ ಕೆಲವು ಮಿಲಿಮೀಟರ್ ಲೆಕ್ಕದಿಂದ ಬಿಡು. ಮೇಲಿನ ಭಾರಕ್ಕೆ ಕಂಬದ ನಾರುಗಳು ಬಾಗದಂತೆ ಹಿಡಿಯುವುದೂ ಈ ಲಿಗ್ನಿನ್ನೇ ಆದ್ದರಿಂದ ಕಂಬಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು.

ಹುಳ ಬೀಳದಿರಲೆಂದು ಉಣಿಸುವ ಬೋರಿಕ್ ಆಸಿಡ್, ಬೋರಾಕ್ಸ್ ಬೆಂಕಿ ಹತ್ತುವುದನ್ನೂ ತಡಮಾಡುತ್ತವೆ, ನಿಜ. ಮಳೆಗೆ ನೆನೆಯುವ ಕಡೆ ಮಾತ್ರ ಅವು ತೊಳೆದುಹೋಗುತ್ತವೆ.

ಕೊನೆಗೆ, ಬೋಲ್ಟು, ಪ್ಲೇಟುಗಳನ್ನು ಹೊರಗೆ ಕಾಣುವಂತೆ ಬಿಡಬೇಡ. ಕಬ್ಬಿಣ ಕಾವನ್ನು ನೇರ ತೊಲೆಯ ಒಳಕ್ಕೇ ಒಯ್ಯುತ್ತದೆ. ಅವನ್ನು ಒಳಗೆ ಹುದುಗಿಸಿ, ಬಾಯಿಗೆ ಬಿದಿರಿನದೇ ದಪ್ಪ ಬಿಲ್ಲೆ ಕೂರಿಸಲು ಬಡಗಿಗೆ ಹೇಳು.