ಸತ್ಯಕ್ಕನ ಕಾಯಕವೂ ಊರಿನ ಬೀದಿಯೂ

ಶಂಭುಜಕ್ಕೇಶ್ವರಾಂಕಿತದಿಂದ ವಚನಗಳನ್ನು ರಚಿಸಿದ ಸತ್ಯಕ್ಕ 12ನೆಯ ಶತಮಾನದ ಶರಣೆ. ಶಿವಭಕ್ತರ ಮನೆಯಂಗಳದ ಕಸ ಗುಡಿಸುವುದು ಆಕೆಯ ಕಾಯಕವಾಗಿದ್ದಿತೆಂದು ಪರಂಪರೆ ಹೇಳುತ್ತದೆ. ಲಂಚಕ್ಕೆ ಕೈಯೊಡ್ಡಲಾರೆನೆಂದೂ ದಾರಿಯಲ್ಲಿ ಬಿದ್ದ ಬಂಗಾರವನ್ನು ಮುಟ್ಟಲಾರೆನೆಂದೂ ಆಕೆ ಒಂದು ವಚನದಲ್ಲಿ ಶಪಥ ಮಾಡುತ್ತಾಳೆ.

ಇದನ್ನು ನಿರ್ಲೋಭದ ಪಾಠವೆಂದು ಓದುವುದು ವಾಡಿಕೆ. ಅದು ಸರಿಯೇ. ಆದರೆ ಕಸಬರಿಕೆ ಹಿಡಿದವಳ ಮಾತೆಂದು ಓದಿದಾಗ ಅದಕ್ಕೆ ಬೇರೊಂದು ತೂಕ ಬರುತ್ತದೆ. ನೆಲದ ಮೇಲೆ ಬಿದ್ದುದು ಮೊದಲು ಕಾಣುವುದು ಗುಡಿಸುವವರ ಕಣ್ಣಿಗೆ. ಆದರೂ ಅದು ತನ್ನದಲ್ಲವೆಂದಳು. ಏಕೆಂದರೆ ದಾರಿ ಅಲ್ಲಿ ನಡೆವವರೆಲ್ಲರದು. ದಾರಿಯಲ್ಲಿ ಬಿದ್ದುದನ್ನು ಎತ್ತಿಕೊಳ್ಳುವುದೇ ದೋಷವಾದರೆ, ದಾರಿಯನ್ನೇ ತೆಗೆದುಕೊಳ್ಳುವುದಕ್ಕೆ ಏನೆನ್ನಬೇಕು?

ಹುಣಸೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಗಾವಡಗೆರೆಯ ಸುತ್ತಿನ ಸೀಮೆಯಲ್ಲಿ ಈ ಪ್ರಶ್ನೆ ಬರಿಯ ತರ್ಕವಲ್ಲ. ಇಲ್ಲಿನ ಗೃಹಿಣಿಯರು ಬೆಳಗಾಗುತ್ತಲೇ ಅಂಗಳ ಗುಡಿಸಿ ರಂಗೋಲಿ ಇಡುವವರು. ಆದರೆ ಗುಡಿಸಿದ ಕಸ ಹೊಸಲಿನಾಚೆ ಚರಂಡಿಗೆ ಬಿದ್ದರೆ ಮನೆ ಶುದ್ಧವಾಯಿತು, ಊರು ಮಲಿನವಾಯಿತು. ತಿಪ್ಪೆಯೊಂದು ದಾರಿಯಂಚಿಗೆ ಬಂದು, ಜಗಲಿಯ ಮೆಟ್ಟಿಲು ಗೇಣುದ್ದ ಮುಂದೆ ಸರಿದರೆ, ಮುದುಕರೂ ಶಾಲೆಯ ಮಕ್ಕಳೂ ವಾಹನಗಳ ನಡುವೆಯೇ ನಡೆಯಬೇಕಾಗುತ್ತದೆ.

ಸುಗ್ಗಿಯಲ್ಲಂತೂ ಹಳೆಯ ಮೈಸೂರು ಸೀಮೆಯ ಅನೇಕ ಕಡೆ ಡಾಂಬರು ರಸ್ತೆಯೇ ಕಣವಾಗುತ್ತದೆ. ಹಿಂದೆ ನೆಲವನ್ನು ಹದಮಾಡಿ ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತುಗಳಿಂದ ತುಳಿಸಿ ಒಕ್ಕುತ್ತಿದ್ದರು. ಎತ್ತು ಕಡಮೆಯಾದವು, ಆಳು ದುಬಾರಿಯಾಯಿತು. ಹುರುಳಿಯನ್ನೂ ರಾಗಿಯನ್ನೂ ರಸ್ತೆಗೆ ಹರಡಿದರೆ ಬಸ್ಸು ಲಾರಿಗಳ ಗಾಲಿಯೇ ಬಿಟ್ಟಿಯಾಗಿ ತುಳಿಯುತ್ತದೆ. ರೈತನ ಕಷ್ಟ ಸುಳ್ಳಲ್ಲ. ಆದರೆ ಹುರುಳಿಯ ಹೊಟ್ಟಿನ ಮೇಲೆ ದ್ವಿಚಕ್ರದ ಗಾಲಿ ಜಾರುತ್ತದೆ. ಕಾರಿನಡಿಯಲ್ಲಿ ಸಿಕ್ಕಿದ ಒಣ ಹುಲ್ಲು ಕಾವಿಗೆ ಹೊತ್ತಿಕೊಳ್ಳುತ್ತದೆ. ಕಾಲ್ನಡೆಯವರಿಗೆ ಅಂಚೂ ಉಳಿಯುವುದಿಲ್ಲ. ಕಲ್ಲು, ಡಾಂಬರಿನ ಚೂರು ಬೆರೆತ ಆ ಕಾಳನ್ನೇ ದಾಸೋಹಕ್ಕೂ ಅಳೆದುಕೊಡುವುದು!

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆಯು ಬೀದಿ ಚರಂಡಿಗಳ ಪಾಲನೆಯನ್ನು ಗ್ರಾಮ ಪಂಚಾಯಿತಿಗೆ ವಹಿಸಿದೆ. ಗ್ರಾಮಸಭೆಯಲ್ಲಿ ಕೇಳುವ ಹಕ್ಕನ್ನು ಮತದಾರರಿಗೆ ಕೊಟ್ಟಿದೆ. 2005ರ ಉದ್ಯೋಗ ಖಾತರಿ ಕಾಯಿದೆಯ ಅಡಿಯಲ್ಲಿ ರಾಜ್ಯದ ಹಲವು ಹಳ್ಳಿಗಳಲ್ಲಿ ಒಕ್ಕಣೆಯ ಕಣಗಳು ನಿರ್ಮಾಣವಾದುದುಂಟು. ಹೀಗಿದ್ದೂ ಬೀದಿ ಗುಡಿಸುವುದು ಯಾರೋ ಕೆಲವರ ಹಣೆಯ ಬರಹವೆಂಬ ಭಾವನೆ ಹೋಗಿಲ್ಲ. ಸತ್ಯಕ್ಕನನ್ನು ಪೂಜಿಸಿ, ಪೊರಕೆ ಹಿಡಿದವರಿಗೆ ಜಗಲಿಯ ಕೆಳಗೆ ನೀರು ಕೊಡುವ ಮನೆಯಲ್ಲಿ ಆಕೆಯ ವಚನವನ್ನು ಓದಿ ಬಂದ ಫಲವೇನು?

ಹುರುಳಿಯೂ ರಾಗಿಯೂ ಒಕ್ಕಣೆಗೆ ಬರುವುದು ಮಾರ್ಗಶಿರ ಪುಷ್ಯಗಳಲ್ಲಿ. ನಾಲ್ಕು ಮನೆಯವರು ಕೂಡಿ ಒಂದು ಕಣಕ್ಕೆ ಜಾಗ ಗೊತ್ತುಮಾಡಲು ಅದಕ್ಕೆ ಮುಂಚಿನ ಗ್ರಾಮಸಭೆಯೇ ಸಕಾಲ.