ಧಾರಾವಾಹಿ ನಮಗೆ ಏನನ್ನು ಕಲಿಸುತ್ತದೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಲಗುವವರೆಗೂ ಒಂದರ ಹಿಂದೊಂದು ಧಾರಾವಾಹಿ. ‘ಇವುಗಳಲ್ಲಿ ಕಣ್ಣಿಗೆ ಕಾಣದ ಸಂದೇಶಗಳನ್ನು ಅಡಗಿಸಿಟ್ಟಿರುತ್ತಾರೆ, ನಿಮಗೆ ಗೊತ್ತಿಲ್ಲದ ಹಾಗೆ ಅವು ತಲೆಯೊಳಗೆ ಹೋಗುತ್ತವೆ’ ಎಂದು ಕಾಲೇಜಿಗೆ ಹೋಗುವ ಮಗ ಹೇಳುತ್ತಾನೆ. ಇದು ನಿಜವೇ? ನಿಜವಾದರೆ ಒಳ್ಳೆಯದನ್ನೂ ಹೀಗೆಯೇ ಕಲಿಸಬಹುದಲ್ಲವೇ?
– ಶಿವಮೊಗ್ಗದ ಒಬ್ಬ ಓದುಗರು

ಉತ್ತರ: ಕಣ್ಣಿಗೆ ಕಾಣದ ಸಂದೇಶದ ಕಥೆ ಹುಟ್ಟಿದ್ದು 1957ರಲ್ಲಿ, ಅಮೆರಿಕದಲ್ಲಿ. ಜೇಮ್ಸ್ ವಿಕರಿ ಎಂಬ ಮಾರುಕಟ್ಟೆ ಸಂಶೋಧಕ, ನ್ಯೂಜೆರ್ಸಿಯ ಒಂದು ಚಿತ್ರಮಂದಿರದಲ್ಲಿ ಸಿನಿಮಾ ನಡೆಯುವಾಗ ‘ಪಾಪ್‌ಕಾರ್ನ್ ತಿನ್ನಿ’, ‘ಕೋಕಾ ಕೋಲಾ ಕುಡಿಯಿರಿ’ ಎಂಬ ಮಾತುಗಳನ್ನು ಕಣ್ಣಿಗೆ ನಿಲುಕದಷ್ಟು ವೇಗವಾಗಿ ತೆರೆಯ ಮೇಲೆ ಹಾಯಿಸಿದೆ, ಮಾರಾಟ ಏರಿತು ಎಂದು ಸಾರಿದ. ಜಗತ್ತು ಬೆಚ್ಚಿತು. ಆದರೆ ಬೇರೆಯವರು ಮಾಡಿ ನೋಡಿದಾಗ ಅಂಥ ಫಲ ಸಿಗಲಿಲ್ಲ. ತನ್ನ ಬಳಿ ಇದ್ದ ಅಂಕಿಅಂಶ ಏನನ್ನೂ ಸಾಧಿಸುವಷ್ಟು ಇರಲಿಲ್ಲ ಎಂದು 1962ರಲ್ಲಿ ವಿಕರಿಯೇ ಒಪ್ಪಿಕೊಂಡ. ನಿಮ್ಮ ಮಗ ಹೇಳಿದ್ದರಲ್ಲಿ ಈ ಭಾಗವನ್ನು ಬಿಟ್ಟುಬಿಡಬಹುದು.

ಆದರೆ ಧಾರಾವಾಹಿ ನೋಡುವವರ ಬದುಕನ್ನು ಬದಲಿಸುತ್ತದೆ ಎಂಬುದು ನಿಜ. ಅದು ನಡೆಯುವುದು ಎಲ್ಲರ ಕಣ್ಣೆದುರಿಗೇ, ಪಾತ್ರಗಳ ಮೂಲಕ.

1969ರಲ್ಲಿ ಪೆರು ದೇಶದಲ್ಲಿ ‘ಸಿಂಪ್ಲೆಮೆಂತೆ ಮಾರಿಯಾ’ ಎಂಬ ಧಾರಾವಾಹಿ ಶುರುವಾಯಿತು. ಹಳ್ಳಿಯಿಂದ ಪಟ್ಟಣಕ್ಕೆ ಬಂದು ಮನೆಗೆಲಸಕ್ಕೆ ನಿಂತ ಹುಡುಗಿ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಹೊಲಿಗೆ ಯಂತ್ರ ಹಿಡಿದು, ಕೊನೆಗೆ ಹೆಸರಾಂತ ವಸ್ತ್ರವಿನ್ಯಾಸಕಿಯಾಗುವ ಕಥೆ. ಜನರಿಗೆ ಪಾಠ ಹೇಳಬೇಕೆಂದು ಅದನ್ನು ಮಾಡಿರಲಿಲ್ಲ. ಆದರೂ ಅದು ಪ್ರಸಾರವಾದ ಕಡೆಗಳಲ್ಲಿ ಹೊಲಿಗೆ ಯಂತ್ರಗಳ ಮಾರಾಟ ಏರಿತು, ಮನೆಗೆಲಸದ ಹೆಣ್ಣುಮಕ್ಕಳು ಹೊಲಿಗೆ ತರಗತಿಗೂ ಅಕ್ಷರ ತರಗತಿಗೂ ಸೇರತೊಡಗಿದರು.

ಇದನ್ನು ಗಮನವಿಟ್ಟು ನೋಡಿದವರು ಮೆಕ್ಸಿಕೊದ ರಂಗಕರ್ಮಿ, ಟಿ.ವಿ. ನಿರ್ಮಾಪಕ ಮಿಗೆಲ್ ಸಬಿದೊ. ತಾನಾಗಿ ಆದದ್ದನ್ನು ಬೇಕೆಂದೇ ಮಾಡಬಹುದೇ ಎಂದು ಅವರು ಯೋಚಿಸಿದರು. ಇನ್ನೊಬ್ಬರು ಮಾಡುವುದನ್ನೂ ಅದರಿಂದ ಅವರಿಗೆ ಸಿಗುವ ಫಲವನ್ನೂ ನೋಡಿಯೇ ಮನುಷ್ಯ ಬಹಳಷ್ಟು ಕಲಿಯುತ್ತಾನೆ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1960ರ ದಶಕದ ಪ್ರಯೋಗಗಳಲ್ಲಿ ತೋರಿಸಿದ್ದರು. ಸಬಿದೊ ಅದನ್ನು ಕಥೆ ಕಟ್ಟುವ ಕೆಲಸಕ್ಕೆ ಬಳಸಿದರು. ಅವರ ಧಾರಾವಾಹಿಗಳಲ್ಲಿ ಮೂರು ಬಗೆಯ ಪಾತ್ರಗಳು: ಒಳ್ಳೆಯ ದಾರಿಯವರು, ಕೆಟ್ಟ ದಾರಿಯವರು, ಎರಡರ ನಡುವೆ ತೂಗಾಡುವವರು. ಸಬಿದೊ ಅವರ ಜಾಣ್ಮೆ ಇರುವುದು ಈ ಮೂರನೆಯವರಲ್ಲಿ. ಅವರು ಹಿಂಜರಿಯುತ್ತಾರೆ, ಒಂದು ಹೆಜ್ಜೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ತಿಂಗಳುಗಟ್ಟಲೆ ಒದ್ದಾಡಿ ಬದಲಾಗುತ್ತಾರೆ. ನೋಡುವವನೂ ಹಾಗೆಯೇ ಇರುವುದರಿಂದ ಅವರ ಜೊತೆಯಲ್ಲೇ ನಡೆಯುತ್ತಾನೆ.

ಅವರ ‘ವೆನ್ ಕೊನ್ಮಿಗೊ’ 1975–76ರಲ್ಲಿ ವಯಸ್ಕರ ಅಕ್ಷರಾಭ್ಯಾಸವನ್ನು ಕಥೆಯೊಳಗೆ ತಂದಿತು. ಒಂದು ಕಂತಿನಲ್ಲಿ ಉಚಿತ ಪಠ್ಯಪುಸ್ತಕ ಸಿಗುವ ಕೇಂದ್ರದ ಮಾತು ಬಂತು. ಮಾರನೆಯ ದಿನ ಸಾವಿರಾರು ಜನ ಅಲ್ಲಿಗೆ ನುಗ್ಗಿ ಮೆಕ್ಸಿಕೊ ನಗರದ ಸಂಚಾರವೇ ನಿಂತುಹೋಯಿತು. ಹಿಂದಿನ ವರ್ಷ ಒಂದು ಲಕ್ಷದಷ್ಟಿದ್ದ ವಯಸ್ಕರ ಶಿಕ್ಷಣದ ನೋಂದಣಿ ಆ ವರ್ಷ ಎಂಟು ಲಕ್ಷ ದಾಟಿತು. ಕಥೆ ಆಸೆಯನ್ನು ಹುಟ್ಟಿಸಿತು, ಆಸೆ ಹೊತ್ತು ಹೊರಟವರಿಗೆ ಹೋಗಲು ನಿಜವಾದ ಒಂದು ಜಾಗವೂ ಇತ್ತು. ಎರಡೂ ಸೇರಿದಾಗ ಮಾತ್ರ ಇಂಥ ಫಲ ಸಿಗುತ್ತದೆ.

ನಮ್ಮ ದೂರದರ್ಶನದ ‘ಹಮ್ ಲೋಗ್’ ಹುಟ್ಟಿದ್ದೂ ಇದೇ ಪ್ರೇರಣೆಯಿಂದ. ಕೇಂದ್ರ ಸಚಿವ ವಸಂತ ಸಾಠೆ ಮೆಕ್ಸಿಕೊಗೆ ಹೋಗಿ ಬಂದ ಮೇಲೆ ಮೊಳೆತ ಯೋಚನೆ ಅದು. ಮನೋಹರ್ ಶ್ಯಾಮ್ ಜೋಶಿ ಬರೆದರು. 1984ರ ಜುಲೈನಲ್ಲಿ ಶುರುವಾಗಿ 1985ರ ಡಿಸೆಂಬರ್‌ವರೆಗೆ 156 ಕಂತು ನಡೆಯಿತು. ಮೊದಲ ಕಂತುಗಳಲ್ಲಿ ಕುಟುಂಬ ಯೋಜನೆಯ ಉಪದೇಶ ಜಾಸ್ತಿಯಾಗಿ ಜನ ಮುಖ ತಿರುಗಿಸಿದರು. ಉಪದೇಶ ತಗ್ಗಿಸಿ, ಬಡ್ಕಿ, ಮಝ್ಲಿ, ಛುಟ್ಕಿ ಎಂಬ ಅಕ್ಕತಂಗಿಯರ ಸುಖದುಃಖಕ್ಕೆ ಜಾಗ ಕೊಟ್ಟ ಮೇಲೆ ದೇಶವೇ ನೋಡಿತು. ಕಂತಿನ ಕೊನೆಗೆ ಬಂದು ನಾಲ್ಕು ಮಾತಾಡುತ್ತಿದ್ದ ನಟ ಅಶೋಕ್ ಕುಮಾರ್ ಅವರಿಗೆ ಲಕ್ಷಗಟ್ಟಲೆ ಪತ್ರಗಳು ಬಂದವು.

‘ಹಮ್ ಲೋಗ್’ನಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಕುಡುಕ ಗಂಡನ ಕೈಯಲ್ಲಿ ಎಲ್ಲವನ್ನೂ ಸಹಿಸುವ ಭಾಗವಂತಿಯ ಪಾತ್ರವನ್ನು ‘ಹೀಗೆ ಬಾಯಿ ಮುಚ್ಚಿಕೊಂಡಿದ್ದರೆ ಹೆಣ್ಣಿನ ಪಾಡು ಏನಾಗುತ್ತದೆ ನೋಡಿ’ ಎಂದು ತೋರಿಸಲು ಕಟ್ಟಲಾಗಿತ್ತು. ಆಮೇಲೆ ಅಧ್ಯಯನ ಮಾಡಿದವರಿಗೆ ಕಂಡದ್ದೇ ಬೇರೆ: ನೋಡಿದವರಲ್ಲಿ ಅನೇಕರು, ಅದರಲ್ಲೂ ಹೆಂಗಸರು, ಅವಳನ್ನೇ ಆದರ್ಶವೆಂದು ಒಪ್ಪಿಕೊಂಡಿದ್ದರು. ಅಮೆರಿಕದಲ್ಲೂ ಹೀಗಾಗಿತ್ತು. 1971ರಲ್ಲಿ ಶುರುವಾದ ‘ಆಲ್ ಇನ್ ದ ಫ್ಯಾಮಿಲಿ’ಯಲ್ಲಿ ಆರ್ಚಿ ಬಂಕರ್ ಎಂಬ ಜನಾಂಗದ್ವೇಷಿಯನ್ನು ನಗೆಪಾಟಲು ಮಾಡಿ ಆ ದ್ವೇಷವನ್ನೇ ಟೀಕಿಸುವ ಉದ್ದೇಶವಿತ್ತು. 1974ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಂಥದೇ ಪೂರ್ವಗ್ರಹವಿದ್ದ ವೀಕ್ಷಕರು ಅವನಲ್ಲಿ ತಮ್ಮವನನ್ನೇ ಕಂಡು ಮೆಚ್ಚಿಕೊಂಡಿದ್ದರು. ಬರೆದವರ ಮನಸ್ಸಿನಲ್ಲಿ ಏನಿತ್ತು ಎಂಬುದು ತಾನಾಗಿಯೇ ನೋಡುವವರನ್ನು ತಲುಪುವುದಿಲ್ಲ.

ಬರೆದವರು ಯೋಚಿಸಿಯೇ ಇರದ ಸಂದೇಶ ತಲುಪುವುದೂ ಉಂಟು. ಬ್ರೆಜಿಲ್‌ನ ಗ್ಲೋಬೊ ವಾಹಿನಿಯ ಧಾರಾವಾಹಿಗಳಲ್ಲಿ ನಾಯಕಿಯರಿಗೆ ಮಕ್ಕಳೇ ಇರುತ್ತಿರಲಿಲ್ಲ, ಇದ್ದರೆ ಒಂದೋ ಎರಡೋ. 2012ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನ, ಆ ವಾಹಿನಿಯ ಪ್ರಸಾರ ಮುಟ್ಟಿದ ಊರುಗಳಲ್ಲಿ ಜನನ ಪ್ರಮಾಣ ಇಳಿದದ್ದನ್ನು ಗುರುತಿಸಿತು. ಜನ ಮಕ್ಕಳಿಗೆ ಧಾರಾವಾಹಿಯ ಪಾತ್ರಗಳ ಹೆಸರನ್ನೂ ಇಡುತ್ತಿದ್ದರು. ನಮ್ಮ ದೇಶದ ಬಗ್ಗೆ ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ 2009ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ತಮಿಳುನಾಡು, ಬಿಹಾರ, ಹರಿಯಾಣ, ಗೋವಾ ಮತ್ತು ದೆಹಲಿಯಲ್ಲಿ ನಡೆದ ಆ ಅಧ್ಯಯನದಲ್ಲಿ, ಹಳ್ಳಿಗೆ ಕೇಬಲ್ ಟಿ.ವಿ. ಬಂದ ಮೇಲೆ ‘ಗಂಡ ಹೊಡೆದರೆ ತಪ್ಪಿಲ್ಲ’ ಎನ್ನುವ ಹೆಂಗಸರ ಪ್ರಮಾಣವೂ ಗಂಡುಮಗುವೇ ಬೇಕೆಂಬ ಹಂಬಲವೂ ಕಡಿಮೆಯಾದದ್ದು ಕಂಡಿತು. ಪಟ್ಟಣದಲ್ಲಿ ದುಡಿಯುವ, ಎದುರು ಮಾತಾಡುವ, ತನ್ನ ಕೈಯಲ್ಲೂ ದುಡ್ಡಿರುವ ಹೆಂಗಸನ್ನು ದಿನವೂ ಕಂಡದ್ದು ಇದಕ್ಕೆ ಒಂದು ಕಾರಣವಿರಬಹುದು.

ಹಾಗಾದರೆ ನಮ್ಮ ಕನ್ನಡದ ಧಾರಾವಾಹಿಗಳನ್ನು ಹೇಗೆ ನೋಡಬೇಕು? ಸಂಭಾಷಣೆಯಲ್ಲಿ ಬರುವ ನೀತಿಮಾತಿಗಿಂತ, ಕಥೆ ಯಾರಿಗೆ ಬಹುಮಾನ ಕೊಡುತ್ತದೆ ಎಂಬುದನ್ನು ನೋಡಿ. ಸೊಸೆ ಓದಿದವಳು, ಜಾಣೆ ಎಂದು ಮೊದಲ ವಾರ ಹೇಳಿ, ಮುಂದಿನ ಮುನ್ನೂರು ಕಂತುಗಳಲ್ಲಿ ಅವಳು ಅವಮಾನ ನುಂಗಿದ್ದಕ್ಕೇ ‘ಮನೆಯ ದೀಪ’ ಎನಿಸಿಕೊಂಡರೆ, ಮನಸ್ಸಿಗೆ ಇಳಿಯುವುದು ನುಂಗುವ ಪಾಠವೇ. ಅತ್ತೆ ನಿಧಾನಕ್ಕೆ ತನ್ನ ತಪ್ಪು ಕಂಡುಕೊಂಡು ಬದಲಾದರೆ, ಮಗ ಅಡುಗೆಮನೆಗೆ ಬಂದದ್ದನ್ನು ಯಾರೂ ದೊಡ್ಡದು ಮಾಡದಿದ್ದರೆ, ಅದೂ ಹಾಗೆಯೇ ಇಳಿಯುತ್ತದೆ. ಅಡಗಿದ ಸಂದೇಶ ಎಂದು ಏನನ್ನಾದರೂ ಕರೆಯುವುದಾದರೆ ನಾನು ಇದನ್ನೇ ಕರೆಯುತ್ತೇನೆ: ಕಥೆ ಪ್ರಶ್ನೆಯನ್ನೇ ಕೇಳದೆ ಸಹಜವೆಂದು ಒಪ್ಪಿಕೊಂಡುಬಿಟ್ಟದ್ದು. ಟಿ.ಎನ್. ಸೀತಾರಾಮ್ ಅವರ ‘ಮುಕ್ತ’ದಂಥ ಧಾರಾವಾಹಿಗಳನ್ನು ಜನ ಇಂದಿಗೂ ನೆನೆಯುವುದಕ್ಕೆ ಅವು ಹಾಗೆ ಒಪ್ಪಿಕೊಳ್ಳದೆ ಪ್ರಶ್ನಿಸಿದ್ದೇ ಕಾರಣ ಎಂದು ನನ್ನ ನಂಬಿಕೆ. ಅಲ್ಲಿ ಕೋರ್ಟಿನ ಕಟಕಟೆಯಲ್ಲಿ ಪ್ರಶ್ನೆಗಳನ್ನು ಕೇಳಲಾಗುತ್ತಿತ್ತು, ಅವು ನಮ್ಮ ಮನೆಯ ಊಟದ ಮಾತಾಗುತ್ತಿದ್ದವು.

ಆ ಊಟದ ಮಾತೇ ಮುಖ್ಯ. 1996–97ರಲ್ಲಿ ಆಕಾಶವಾಣಿ ಹಿಂದಿ ಸೀಮೆಗೆ ‘ತಿನ್‌ಕಾ ತಿನ್‌ಕಾ ಸುಖ್’ ಎಂಬ ಸರಣಿ ನಾಟಕ ಪ್ರಸಾರ ಮಾಡಿತು. ವರದಕ್ಷಿಣೆಯ ಕಾಟಕ್ಕೆ ಪೂನಂ ಎಂಬ ಮದುಮಗಳು ಅದರಲ್ಲಿ ಪ್ರಾಣ ಕಳೆದುಕೊಳ್ಳುತ್ತಾಳೆ. ಉತ್ತರ ಪ್ರದೇಶದ ಲುತ್ಸಾನ್ ಹಳ್ಳಿಯವರು ಅದನ್ನು ಒಟ್ಟಿಗೆ ಕೇಳಿದರು, ಕೇಳಿ ತಮ್ಮೊಳಗೆ ವಾದಿಸಿದರು. ಕೊನೆಗೆ 184 ಜನ ಸಹಿ ಹಾಕಿ, ತಾವು ವರದಕ್ಷಿಣೆ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ ಎಂದು ಆಕಾಶವಾಣಿಗೆ ದೊಡ್ಡದೊಂದು ಪತ್ರ ಬರೆದರು. ಅವರೆಲ್ಲ ಆ ಮಾತನ್ನು ಕೊನೆಯವರೆಗೆ ಉಳಿಸಿಕೊಂಡರೆಂದು ಹೇಳಲಾಗದು. ಆದರೆ ಊರಿನಲ್ಲಿ ಯಾರೂ ಎತ್ತದ ಮಾತನ್ನು ಒಂದು ಕಥೆ ಎತ್ತಿಕೊಟ್ಟಿತು, ಜನ ಅದನ್ನು ಮುಂದುವರಿಸಿದರು.

ಆದ್ದರಿಂದ ಧಾರಾವಾಹಿ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಮಗನನ್ನೂ ಜೊತೆಗೆ ಕೂರಿಸಿಕೊಳ್ಳಿ. ಜಾಹೀರಾತು ಬಂದಾಗ ಟಿ.ವಿ.ಯ ದನಿ ತಗ್ಗಿಸಿ, ‘ಅವಳ ಜಾಗದಲ್ಲಿ ನಾವಿದ್ದಿದ್ದರೆ ಏನು ಮಾಡುತ್ತಿದ್ದೆವು? ಅವಳು ಸುಮ್ಮನಿದ್ದದ್ದು ಸರಿಯೇ?’ ಎಂದು ಕೇಳಿ. ಒಪ್ಪಿಗೆಯಾಗದ್ದನ್ನು ವಾಹಿನಿಗೆ ಬರೆದು ತಿಳಿಸಿ; ವೀಕ್ಷಕರು ಬೇಡವೆಂದದ್ದಕ್ಕೇ ‘ಹಮ್ ಲೋಗ್’ನಂಥ ಸರ್ಕಾರಿ ಧಾರಾವಾಹಿಯೂ ದಾರಿ ಬದಲಿಸಿತು. ಒಳ್ಳೆಯದನ್ನು ಕಲಿಸಬಹುದೇ ಎಂಬ ನಿಮ್ಮ ಪ್ರಶ್ನೆಗೆ ಖಂಡಿತ ಕಲಿಸಬಹುದು ಎಂಬುದೇ ಉತ್ತರ. ಅದರಲ್ಲಿ ಅರ್ಧ ಕೆಲಸ ಮಾತ್ರ ಕಥೆ ಬರೆಯುವವರದು. ಉಳಿದರ್ಧ ನೋಡಿ ಮಾತಾಡುವ ಮನೆಯವರದು.